ಕಾಯುವಿಕೆಯಿಲ್ಲದ ಬರವಣಿಗೆ: ಅಂತರ್ಜಾಲ ಮತ್ತು ಕ್ರೈಸ್ತ ಬರಹಗಾರ

ಸಭೆಗಾಗಿ ಕನ್ನಡದಲ್ಲಿ ಬರೆಯುತ್ತಿದ್ದವರು ಹಿಂದೆ ಮೂರು ಹಂತಗಳಲ್ಲಿ ಕಾಯಬೇಕಾಗಿತ್ತು: ಮೊದಲು ಆಕರ ಗ್ರಂಥಕ್ಕಾಗಿ, ಬಳಿಕ ಅಚ್ಚಿಗಾಗಿ, ಕೊನೆಗೆ ಓದುಗರ ಉತ್ತರಕ್ಕಾಗಿ. ಅಂತರ್ಜಾಲವು ಈ ಮೂರನ್ನೂ ಬಹುಮಟ್ಟಿಗೆ ತೆಗೆದುಹಾಕಿದೆ. ಇದರ ಲಾಭವನ್ನು ನಾವು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ಬರಹದ ಪರಿಶೋಧನೆಯೂ ಆ ಕಾಯುವ ಕಾಲದಲ್ಲಿಯೇ ನಡೆಯುತ್ತಿತ್ತು. ಈಗ ಆ ಹೊಣೆಯನ್ನು ಹೊರುವವರು ಯಾರು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

1. ಆಕರ

ನಾಲ್ಕನೆಯ ಶತಮಾನದ ಗ್ರೀಕ್ ಸತ್ಯವೇದದ ಹಸ್ತಪ್ರತಿಯಾದ ಕೋಡೆಕ್ಸ್ ಸಿನೈಟಿಕಸ್‌ನ ಹಾಳೆಗಳು ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಹಾಗೂ ಸೀನಾಯಿಯ ಸಂತ ಕ್ಯಾಥರೀನ್ ಮಠಗಳಲ್ಲಿ ಹಂಚಿಹೋಗಿವೆ. 2009ರಲ್ಲಿ ಅವುಗಳ ಚಿತ್ರಗಳು ಅಂತರ್ಜಾಲದಲ್ಲಿ ಒಂದುಗೂಡಿದವು. ಮಾರ್ಕನ ಸುವಾರ್ತೆಯು ಆ ಪ್ರತಿಯಲ್ಲಿ 16ನೆಯ ಅಧ್ಯಾಯದ 8ನೆಯ ವಚನಕ್ಕೆ ಮುಗಿಯುವುದನ್ನು ಇಂದು ಯಾವ ಊರಿನ ವಿದ್ಯಾರ್ಥಿಯೂ ಕಣ್ಣಾರೆ ನೋಡಬಹುದು. 1894ರಲ್ಲಿ ಪ್ರಕಟವಾದ ಕಿಟೆಲ್ಲರ ಕನ್ನಡ ನಿಘಂಟು, ಬಾಸೆಲ್ ಮಿಷನ್ನಿನ ಹಳೆಯ ಛಾಯಾಚಿತ್ರಗಳು ಸಹ ಹೀಗೆಯೇ ದೊರೆಯುತ್ತವೆ.

ಆದರೆ ಕಂಡದ್ದನ್ನು ತೂಗಿ ನೋಡುವ ಕೆಲಸ ಹಾಗೆಯೇ ಉಳಿದಿದೆ. ಆ ಒಂದು ಪುಟವನ್ನು ನೋಡಿದ ಮಾತ್ರಕ್ಕೆ ಮುಂದಿನ ಹನ್ನೆರಡು ವಚನಗಳ ಕುರಿತು ತೀರ್ಪು ಹೇಳಲಾಗದು. ಇತರ ಹಸ್ತಪ್ರತಿಗಳನ್ನೂ ಸಭಾಪಿತೃಗಳ ಸಾಕ್ಷ್ಯವನ್ನೂ ಹೋಲಿಸಬೇಕು. ಪ್ರಸಂಗದ ವಿಷಯದಲ್ಲಿ ಈ ಅಪಾಯ ಇನ್ನೂ ಹತ್ತಿರದ್ದು. ಶನಿವಾರ ರಾತ್ರಿ ಹುಡುಕಿದರೂ ಸಿದ್ಧ ಪ್ರಸಂಗ ಕೈಗೆ ಸಿಗುತ್ತದೆ. ಅದು ಶಾಸ್ತ್ರಸಮ್ಮತವಾಗಿರಬಹುದು, ಭಾಷೆಯೂ ಚೆನ್ನಾಗಿರಬಹುದು. ಆದರೆ ನಮ್ಮ ಸಭೆಯಲ್ಲಿ ಆ ವಾರ ಯಾರು ತೀರಿಕೊಂಡರು, ಯಾರ ಬೆಳೆ ಒಣಗಿತು ಎಂಬುದು ಅದನ್ನು ಬರೆದವರಿಗೆ ತಿಳಿದಿರಲಿಲ್ಲ. ಹೆಸರು ಹೇಳದೆ ಅದನ್ನು ಓದುವ ಸಭಾಪಾಲಕನು ಮೂಲ ಲೇಖಕನಿಗೂ ತನ್ನ ಮಂದೆಗೂ ಸಲ್ಲಬೇಕಾದುದನ್ನು ಸಲ್ಲಿಸುವುದಿಲ್ಲ.

2. ಅಚ್ಚು

1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಹೊರಡಿಸಿದ 'ಮಂಗಳೂರು ಸಮಾಚಾರ'ವು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಮೊಳೆ ಜೋಡಣೆಯ ಕಾಲದಲ್ಲಿಯೂ ಬರಹವು ಸಂಪಾದಕ, ಅಕ್ಷರ ಜೋಡಿಸುವವ, ಕರಡು ತಿದ್ದುವವ ಇವರೆಲ್ಲರ ಕೈ ದಾಟಿಯೇ ಓದುಗರನ್ನು ತಲುಪುತ್ತಿತ್ತು. ಗಣಕಯಂತ್ರ ಬಂದ ಮೊದಲ ವರ್ಷಗಳಲ್ಲಿ ಒಂದು ತಂತ್ರಾಂಶದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಬಳಕೆ ಹರಡಿದ ಮೇಲೆ ಆ ತೊಡಕು ಬಹಳಷ್ಟು ನೀಗಿ, ಕೈಯಲ್ಲಿರುವ ದೂರವಾಣಿಯಿಂದಲೇ ಕನ್ನಡ ಬರಹ ಎಲ್ಲೆಡೆಗೂ ಹೋಗುವಂತಾಯಿತು.

ಹೀಗೆ ನಡುವಿನ ಕೈಗಳು ಇಲ್ಲವಾದವು. ಒಂದು ಸಭೆಗೆಂದು ಬರೆದ ಮಾತು ತುಂಡಾಗಿ, ಹಿಂದುಮುಂದಿಲ್ಲದೆ ಬೇರೆ ಧರ್ಮದ ನೆರೆಯವರ ಕೈಗೂ ತಲುಪುತ್ತದೆ. ದಶ ಆಜ್ಞೆಗಳಲ್ಲಿ ಮೊದಲನೆಯದನ್ನು ಕುರಿತು ಸಭೆಯೊಳಗೆ ಹೇಳಿದ ಎಚ್ಚರಿಕೆಯ ವಾಕ್ಯವೊಂದು ಹೊರಗೆ ನಿಂದೆಯಾಗಿ ಕೇಳಿಸಬಹುದು. ನೆರೆಯವನ ಮೇಲಿನ ಪ್ರೀತಿ ವಾಕ್ಯರಚನೆಯನ್ನೂ ಆಳಬೇಕಾದ ಕಾಲವಿದು.

ಬರಹಗಾರನ ಜೀವನೋಪಾಯಕ್ಕೂ ಇದರ ಪೆಟ್ಟು ತಗಲಿದೆ. ಭಾರತದ ಕಾಯಿದೆಯಂತೆ ಲೇಖಕನ ಹಕ್ಕುಸ್ವಾಮ್ಯವು ಅವನು ತೀರಿಕೊಂಡ ಮೇಲೆಯೂ 60 ವರ್ಷ ಉಳಿಯುತ್ತದೆ. ಕಿಟೆಲ್ಲರ ನಿಘಂಟನ್ನು ಎಲ್ಲರೂ ಹಂಚಬಹುದು. ಇಂದಿನ ಲೇಖಕನ ಪುಸ್ತಕವನ್ನು ಅವನ ಅಪ್ಪಣೆಯಿಲ್ಲದೆ ವಾಟ್ಸ್ಆ್ಯಪ್‌ನಲ್ಲಿ ಹಂಚಿದರೆ ಅದು ಸೇವೆಯೆನಿಸದು.

3. ಓದುಗ

ಪೌಲನು ರೋಮಾಪುರದವರಿಗೆ ಬರೆಯಿಸಿದ ಪತ್ರಿಕೆಯನ್ನು ತೆರ್ತ್ಯನು ಬರೆದುಕೊಂಡನು (ರೋಮಾ 16:22). ಅದನ್ನು ಒಯ್ದವಳು ಫೊಯಿಬೆಯೆಂದೂ, ಕೇಳುಗರ ಸಂದೇಹಗಳಿಗೆ ಅವಳೇ ಉತ್ತರಿಸಿರಬಹುದೆಂದೂ ಅನೇಕ ವ್ಯಾಖ್ಯಾನಕಾರರು ಅಭಿಪ್ರಾಯಪಡುತ್ತಾರೆ. ಅಂತರ್ಜಾಲದ ಬರಹಕ್ಕೆ ಇಂಥ ಸಂಗಾತಿ ಇರುವುದಿಲ್ಲ. ಉತ್ತರಗಳು ಮಾತ್ರ ಕ್ಷಣದಲ್ಲಿ ಬರುತ್ತವೆ, ಮೆಚ್ಚುಗೆಗಳು ಎಣಿಕೆಯಾಗಿ ಕಾಣುತ್ತವೆ. ದೂರದ ಊರಿನ ಓದುಗನೊಬ್ಬನ ಪ್ರಶ್ನೆ ಬರಹಗಾರನನ್ನು ನಿಜವಾಗಿ ತಿದ್ದಬಲ್ಲದು. ಎಣಿಕೆಯೋ ಅವನನ್ನು ಮೆಚ್ಚುಗೆಯ ಕಡೆಗೆ ಮೆಲ್ಲನೆ ತಿರುಗಿಸಬಲ್ಲದು. ಮನುಷ್ಯರನ್ನು ಮೆಚ್ಚಿಸುವುದರ ಕುರಿತು ಪೌಲನು ಗಲಾತ್ಯದವರಿಗೆ ಕೊಟ್ಟ ಎಚ್ಚರಿಕೆ (ಗಲಾತ್ಯ 1:10) ಇಲ್ಲಿ ನಮಗೆ ನೇರವಾಗಿ ಅನ್ವಯಿಸುತ್ತದೆ.

ಕಾಯುವಿಕೆಯನ್ನು ಉಳಿಸಿಕೊಳ್ಳುವುದು

ಎಲ್ಲವನ್ನೂ ಮೊದಲಿನಿಂದ ಸೂಕ್ಷ್ಮವಾಗಿ ವಿಚಾರಿಸಿದ ಮೇಲೆ ಕ್ರಮವಾಗಿ ಬರೆಯುತ್ತಿರುವುದಾಗಿ ಲೂಕನು ಥೆಯೊಫಿಲನಿಗೆ ತಿಳಿಸುತ್ತಾನೆ (ಲೂಕ 1:1–4). ಈ ವಿಚಾರಣೆಗೆ ಬೇಕಾದ ಕಾಲವನ್ನು ಹಿಂದೆ ಮುದ್ರಣದ ವ್ಯವಸ್ಥೆಯೇ ಒದಗಿಸುತ್ತಿತ್ತು. ಈಗ ಅದನ್ನು ನಾವೇ ಶಿಸ್ತಾಗಿ ರೂಢಿಸಿಕೊಳ್ಳಬೇಕು. ಬರೆದುದನ್ನು ಒಂದು ರಾತ್ರಿಯಾದರೂ ಇಟ್ಟು ಮತ್ತೆ ಓದುವುದು, ಸಹಸೇವಕರೊಬ್ಬರಿಗೆ ತೋರಿಸುವುದು, ಎರವಲು ಪಡೆದುದಕ್ಕೆ ಹೆಸರು ಸೂಚಿಸುವುದು, ಸಭೆಯ ಹೊರಗಿನವರ ಕಿವಿಯಿಂದಲೂ ಅದನ್ನು ಕೇಳಿಸಿಕೊಳ್ಳುವುದು: ಈ ನಾಲ್ಕು ಅಭ್ಯಾಸಗಳು ಸೆಮಿನರಿಯಲ್ಲಿಯೇ ಆರಂಭವಾಗಬೇಕು. ಪೀಠದಿಂದ ಆಡುವ ಮಾತಿಗೆ ನಾವು ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾದವರು. ಬೆರಳ ತುದಿಯಿಂದ ಹೊರಟ ಮಾತಿಗೂ ಅದೇ ಲೆಕ್ಕ ಅನ್ವಯಿಸುತ್ತದೆ.