ಹಳೆಯ ಗಿಟಾರು, ಹೊಸ ಬೆರಳು

ಹಾಸನ ಜಿಲ್ಲೆಗೆ ಸಂಗೀತವೇನೂ ಹೊಸತಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ರುದ್ರಪಟ್ಟಣವೆಂಬ ಪುಟ್ಟ ಊರು ನಾಡಿಗೆ ಕೊಟ್ಟ ವಿದ್ವಾಂಸರು ಒಬ್ಬಿಬ್ಬರಲ್ಲ. ಆರ್. ಕೆ. ಶ್ರೀಕಂಠನ್ (1920–2014) ಜನಿಸಿದ್ದು ಅಲ್ಲಿ, ವಿದ್ವಾನ್ ಆರ್. ಕೆ. ಪದ್ಮನಾಭರ ಪ್ರಯತ್ನದಿಂದ ತಂಬೂರಿಯ ಆಕಾರದ ದೇವಾಲಯವೊಂದು ತಲೆಯೆತ್ತಿರುವುದೂ ಅಲ್ಲಿಯೇ. ಇಂಥ ಸೀಮೆಯ ಮನೆಯಲ್ಲಿ ವೀಣೆಯ ಪಕ್ಕದಲ್ಲಿ ಗಿಟಾರೊಂದು ಗೋಡೆಗೊರಗಿ ನಿಂತರೆ ಹಿರಿಯರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಪಿಟೀಲೂ ಕಡಲು ದಾಟಿ ಬಂದದ್ದೇ. ಬಾಲುಸ್ವಾಮಿ ದೀಕ್ಷಿತರ (1786–1858) ಕಾಲದಿಂದೀಚೆಗೆ ಅದು ನಮ್ಮದೇ ಆಗಿಹೋಗಿಲ್ಲವೆ?

ತೊಡಕು ಬರುವುದು ಹಣದ ವಿಷಯದಲ್ಲಿ. ಮಗನೋ ಮಗಳೋ ನಾಲ್ಕು ತಿಂಗಳು ಬಾರಿಸಿ ಮೂಲೆಗೆ ಇಟ್ಟುಬಿಟ್ಟರೆ ಎಂಬ ಶಂಕೆ ತಂದೆತಾಯಿಗಳಿಗೆ ಸಹಜ. ಆಗ ಹಳೆಯ ವಾದ್ಯದ ನೆನಪಾಗುತ್ತದೆ. ಕೊಡುವವರಿಗೂ ಕೊರತೆಯಿಲ್ಲ: ಓದು ಮುಗಿಸಿ ಹಾಸನ ಬಿಡುವ ಕಾಲೇಜು ವಿದ್ಯಾರ್ಥಿ, ಬೇರೆ ಊರಿಗೆ ವರ್ಗವಾದ ನೌಕರ, ಮದುವೆಯಾಗಿ ಹೋದ ಮಗಳ ಗಿಟಾರನ್ನು ಅಟ್ಟಕ್ಕೇರಿಸಿದ ತಂದೆ. ಆದರೆ ಒಂದು ಮಾತು ನೆನಪಿರಲಿ. ಕೆಟ್ಟ ಗಿಟಾರು ಹಣವನ್ನು ಮಾತ್ರವಲ್ಲ, ಕಲಿಯುವ ಆಸೆಯನ್ನೂ ನುಂಗುತ್ತದೆ. ಬೆರಳು ನೊಂದು, ಸ್ವರ ಕೂಡದೆ ಹೋದಾಗ ಮಗು ದೂರುವುದು ವಾದ್ಯವನ್ನಲ್ಲ, ತನ್ನನ್ನೇ.

ಪರೀಕ್ಷಿಸುವ ಬಗೆ

ಮೊದಲು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕತ್ತಿನುದ್ದಕ್ಕೂ ದೃಷ್ಟಿ ಹರಿಸಬೇಕು. ಕತ್ತು ಬಿಲ್ಲಿನಂತೆ ಬಾಗಿದ್ದರೆ ತಂತಿ ಮೆಟ್ಟುಗಳಿಂದ ಮೇಲೆದ್ದು, ಒತ್ತುವುದೇ ಕಷ್ಟವಾಗುತ್ತದೆ. ಉಕ್ಕಿನ ತಂತಿಯ ಗಿಟಾರುಗಳಲ್ಲಿ ಸಾಮಾನ್ಯವಾಗಿ ಕತ್ತಿನೊಳಗೆ ಲೋಹದ ಸರಳೊಂದಿರುತ್ತದೆ. ಬಲ್ಲವರು ಅದನ್ನು ತಿರುಗಿಸಿ ಅಲ್ಪಸ್ವಲ್ಪ ಬಾಗನ್ನು ಸರಿಪಡಿಸಬಲ್ಲರು. ತಿರುಚಿಕೊಂಡ ಕತ್ತಿಗೆ ಸುಲಭದ ಮದ್ದಿಲ್ಲ.

ಅನಂತರ ಶ್ರುತಿ. ಹನ್ನೆರಡನೆಯ ಮೆಟ್ಟು ತಂತಿಯ ನಟ್ಟನಡುವೆ ಬರುತ್ತದೆ. ಅಲ್ಲಿ ಒತ್ತಿ ಮೀಟಿದಾಗ, ಬಿಡಿ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಕೇಳಿಸಬೇಕು. ತಂತಿ ಹೊಸದಾಗಿದ್ದೂ ಅಪಸ್ವರ ಬಂದರೆ ವಾದ್ಯದಲ್ಲಿ ದೋಷವಿದೆಯೆಂದೇ ತಿಳಿಯಬೇಕು. ಸಂಗೀತ ಕಲಿತ ಅಜ್ಜಿ ಮನೆಯಲ್ಲಿದ್ದರೆ ಈ ಪರೀಕ್ಷೆಗೆ ಬೇರೆ ಪಂಡಿತರು ಬೇಡ.

ಮೂರನೆಯದು ಕುದುರೆ. ಅದರ ಹಿಂಬದಿಯಲ್ಲಿ ತೆಳುವಾದ ಕಾಗದ ತೂರಿದರೆ ಅಂಟು ಬಿಡುತ್ತಿದೆಯೆಂದು ಅರ್ಥ. ನೈಲಾನ್ ತಂತಿಗೆಂದು ಮಾಡಿದ ಗಿಟಾರಿಗೆ ಉಕ್ಕಿನ ತಂತಿ ಬಿಗಿದರೆ ಈ ಅವಸ್ಥೆ ಬೇಗ ಬರುತ್ತದೆ. ಉಕ್ಕಿನ ತಂತಿಯ ಸೆಳೆತ ಅಷ್ಟು ಹೆಚ್ಚು.

ಹವೆಯನ್ನೂ ಮರೆಯುವಂತಿಲ್ಲ. ಈ ಜಿಲ್ಲೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಅರಕಲಗೂಡಿನ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದ ಮರ, ಚನ್ನರಾಯಪಟ್ಟಣದ ಬೇಸಿಗೆಯಲ್ಲಿ ಒಣಗಿ ಸೀಳಬಹುದು. ಆದ್ದರಿಂದ ಪಾಲಿಶಿಗೆ ಮರುಳಾಗದೆ, ಮೈಮೇಲೆಲ್ಲ ಬೆರಳಿನಿಂದ ತಟ್ಟಿ ನೋಡಬೇಕು. ಒಳಗೆ ಏನಾದರೂ ಗಲಗಲವೆಂದರೆ ಅಂಟು ಬಿಟ್ಟ ಪಟ್ಟಿ ಇದ್ದೀತು.

ವಿದ್ಯುತ್ ಗಿಟಾರಿನೊಂದಿಗೆ ಬರುವ ಆಂಪ್ಲಿಫೈಯರಿನದು ಬೇರೆಯೇ ಕಥೆ. ಅಮೆರಿಕದಿಂದ ನೆಂಟರು ತಂದ ಪೆಟ್ಟಿಗೆ ಅಲ್ಲಿನ 120 ವೋಲ್ಟಿಗೆ ಮಾಡಿದ್ದಿರಬಹುದು. ನಮ್ಮ ಮನೆಯ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋದೀತು. ಹಿಂಬದಿಯ ಬರಹವನ್ನು ಓದಿಯೇ ಸ್ವಿಚ್ಚು ಒತ್ತಬೇಕು.

ಅಟ್ಟದ ಮೇಲಿನ ವೀಣೆ

ಗಿಟಾರು ಕೊಳ್ಳಲು ಮನೆಯ ಹಳೆಯ ವೀಣೆಯನ್ನು ಮಾರಿಬಿಡೋಣವೆಂಬ ಯೋಚನೆ ಬಂದೀತು. ಸ್ವಲ್ಪ ತಾಳಿ. ವೀಣೆಯ 24 ಮೆಟ್ಟುಗಳು ಮೇಣದ ಹಾಸಿನ ಮೇಲೆ ಕೂತಿರುತ್ತವೆ. ಸೆಕೆಗೆ ಮೇಣ ಮೆತ್ತಗಾಗಿ ಮೆಟ್ಟು ಜಾರಿದರೆ ವೀಣೆ ಕೆಟ್ಟಿತೆಂದು ಅಗ್ಗಕ್ಕೆ ಕೊಡುವುದುಂಟು. ಹೊಸ ಮೇಣ ಹಾಕಿ ಮೇಳ ಕಟ್ಟಿಸಿದರೆ ಅದೇ ವೀಣೆ ಮತ್ತೆ ನುಡಿಯುತ್ತದೆ.

ಇನ್ನೊಂದು ಎಚ್ಚರ. ಮೈಸೂರಿನ ಹಳೆಯ ವೀಣೆಗಳಲ್ಲಿ ದಂತದ ಕುಸುರಿಯಿರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಫ್ರಿಕದ ದಂತದ ವ್ಯಾಪಾರವನ್ನೂ ನಿಷೇಧಿಸಿದವು. ಅಜ್ಜನ ಕಾಲದ್ದೆಂದ ಮಾತ್ರಕ್ಕೆ ಮಾರುವಂತಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ಬಿಳಿಯ ಕುಸುರಿಯೆಲ್ಲ ದಂತವೂ ಅಲ್ಲ, ಪ್ಲಾಸ್ಟಿಕ್ಕೂ ಆಗಿರಬಹುದು. ಸಂದೇಹವಿದ್ದರೆ ಅರಣ್ಯ ಇಲಾಖೆಯವರನ್ನು ವಿಚಾರಿಸುವುದು ಲೇಸು.

ಮಾರುವವರಿಗೂ ಒಂದು ಮಾತು

ಬಿರುಕನ್ನು ಬಣ್ಣದಿಂದ ಮುಚ್ಚದೆ ತೋರಿಸಿಯೇ ಬೆಲೆ ಹೇಳಿ. ಕೊಂಡಾಗಿನ ರಶೀದಿಯಿದ್ದರೆ ಜೊತೆಗೆ ಕೊಡಿ. ಕಳವಿನ ಮಾಲೆಂಬ ಅನುಮಾನಕ್ಕೆ ಎಡೆಯಿರದು. ಹೊಳೆನರಸೀಪುರದಿಂದ ರೈಲಿನಲ್ಲಿ ಮೈಸೂರಿಗೆ ಒಯ್ಯುವುದಾದರೆ ತಂತಿಗಳನ್ನು ತುಸು ಸಡಿಲಿಸಿ ಪೆಟ್ಟಿಗೆಯಲ್ಲಿಡಿ. ಕೊಳ್ಳಬಂದ ಹುಡುಗನಿಗೆ ಹಣ ಎಣಿಸುವ ಮೊದಲು ಅರ್ಧ ಗಂಟೆ ಬಾರಿಸಲು ಬಿಡಿ. ಧೂಳು ತಿನ್ನುತ್ತಿದ್ದ ವಾದ್ಯ ಹೊಸ ಬೆರಳಿಗೆ ಒಲಿದರೆ ಕೊಟ್ಟವರಿಗೂ ಕೊಂಡವರಿಗೂ ಅದು ಲಾಭವೇ.