ಕಲಬೆರಕೆ ಸೇಂದಿ ಬಿಡಿಸುವಾಗ ಎಚ್ಚರ

ಮದ್ಯಪಾನ ಸಪ್ತವ್ಯಸನಗಳಲ್ಲೊಂದೆಂದು ಮಕ್ಕಳಿಗೆ ಪಾಠಶಾಲೆಯಲ್ಲೇ ಕಲಿಸುತ್ತೇವೆ. ಆದರೆ ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದ್ ಕಡೆಯ ವ್ಯಾಪಾರಸ್ಥ ಬಂಧುಗಳು ಇನ್ನೊಂದು ಮಾತನ್ನೂ ತಿಳಿದಿರಬೇಕು. ತೆಲಂಗಾಣದಲ್ಲಿ ಸೇಂದಿಗೆ ಅಲ್ಪ್ರಾಜೋಲಾಂ, ಡಯಾಜೆಪಾಂ, ಕ್ಲೋರಲ್ ಹೈಡ್ರೇಟ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಮೊದಲೆರಡು, ಆತಂಕಕ್ಕೆ ವೈದ್ಯರು ಬರೆದುಕೊಡುವ ಗುಳಿಗೆಗಳು. ಕುಡಿಯುವವನಿಗೆ ಸೇಂದಿಯ ಚಟ ಹತ್ತಿತೆಂದು ನಾವು ಬೈಯುತ್ತೇವೆ. ಹತ್ತಿರುವುದು ಗುಳಿಗೆಯ ಚಟ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಸೇಂದಿ ಅಂಗಡಿಗಳು ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ರೋಗಿಗಳ ಸಾಲೇ ಬಂತು. ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ನಿದ್ದೆಗೇಡು, ಅಸಂಬದ್ಧ ಮಾತು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಮರ್ಯಾದೆಗೆ ಅಂಜಿ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಆಣೆ ಮಾಡಿಸಬೇಡಿರಿ. ಆಣೆಯಿಂದ ಮನಸ್ಸು ಗಟ್ಟಿಯಾದೀತು, ಫಿಟ್ಸ್ ನಿಲ್ಲದು. ಡಾಕ್ಟರು ಔಷಧದ ಅಳತೆಯನ್ನು ಮೆಲ್ಲಮೆಲ್ಲಗೆ ಇಳಿಸುತ್ತ ಬಿಡಿಸುತ್ತಾರೆ. ಬೀದರಿನ ಬ್ರಿಮ್ಸ್ ಆಸ್ಪತ್ರೆ ಇದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ.

ಬಿಟ್ಟ ಮೇಲಿನ ದಾರಿ ಉದ್ದ. ಧರ್ಮಸ್ಥಳದ ಪೂಜ್ಯ ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದ ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸಿ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸುತ್ತದೆ. ಈ ಎರಡನೆಯ ಕೆಲಸವೇ ಹೆಚ್ಚಿನದೆಂದು ನನ್ನ ಎಣಿಕೆ. ಶಿಬಿರಕ್ಕೆ ದೇಣಿಗೆ ಬರೆಸುವ ಸಾವಕಾರರು ಸಿಗುತ್ತಾರೆ, ಬಿಟ್ಟು ಬಂದ ಹಮಾಲನಿಗೆ ಮತ್ತೆ ಕೆಲಸ ಕೊಡುವವರು ಅಪರೂಪ. ಮಗನೇ ಆದರೂ ಕೆಲವು ತಿಂಗಳು ಗಲ್ಲಾಪೆಟ್ಟಿಗೆ ಬೇರೆಯವರ ಕೈಯಲ್ಲಿರಲಿ; ತೂಕ, ಲೆಕ್ಕ, ಗಿರಾಕಿ ಅವನಿಗೇ ಬಿಡಿರಿ.