ಚುಕ್ಕಿ ನಂಬಿ ಬದು ಒಡೆಯಬೇಡಿ!

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹೊಲದ ತಂಟೆಗೆ ಈಗ ಹೊಸ ಸಾಕ್ಷಿದಾರ ಬಂದಿದ್ದಾನೆ. ಅವನೇ ಮೊಬೈಲಿನೊಳಗಿನ ನೀಲಿ ಚುಕ್ಕಿ. ಬದುವಿನ ಮೇಲೆ ನಿಂತು ‘ದಿಶಾಂಕ್’ ತೆರೆದರೆ ನಿಂತ ನೆಲದ ಸರ್ವೆ ನಂಬರು ಕಾಣುತ್ತದೆ. ಹೊಲ ಕೊಳ್ಳಲು ಹೊರಟವರಿಗೆ ಇದು ಉಪಕಾರದ ವಸ್ತು, ಸಂಶಯವಿಲ್ಲ. ತಕರಾರು ಶುರುವಾಗುವುದು ಅದರ ಮುಂದೆ.

“ಲೇ ತಮ್ಮಾ, ಚುಕ್ಕಿ ನನ್ನ ನಂಬರಿನ್ಯಾಗ ಐತಿ. ಅಂದ್ರ ಈ ಬದು ನಂದು” ಅಂತಾನೆ ಅಣ್ಣ. “ಯಣ್ಣಾ, ನನ್ನ ಮೊಬೈಲ್‌ ಬ್ಯಾರೇನ ಹೇಳ್ತೈತಲ್ಲೋ” ಅಂತಾನೆ ತಮ್ಮ. ಇಬ್ಬರೂ ನಿಂತದ್ದು ಒಂದೇ ಹುಣಸೀ ಗಿಡದ ಕೆಳಗೆ! ಹಾಗಾದರೆ ಸುಳ್ಳು ಯಾರದು?

ಮೊದಲು ಲೆಕ್ಕ ನೋಡೋಣ. ಬಯಲಿನಲ್ಲೇ ಸಾಮಾನ್ಯ ಮೊಬೈಲಿನ ಚುಕ್ಕಿ ಮೂರು-ಐದು ಮೀಟರು ಆಚೀಚೆ ಆಗುತ್ತದೆ. ಗಿಡದ ಕೆಳಗೆ, ಗೋಡೆಯ ಪಕ್ಕ ಇನ್ನೂ ಹೆಚ್ಚು. ಐದು ಮೀಟರು ಅಂದರೆ ಹದಿನಾರೂವರೆ ಅಡಿ, ಸರ್ವೆಯವರ 33 ಅಡಿ ಸರಪಳಿಯ ಅರ್ಧ. ಹತ್ತು ಸರಪಳಿ ಉದ್ದದ ಬದು ಅಷ್ಟು ಸರಿದರೆ ಐದು ಗುಂಟೆ ಹೋಯಿತು! ಐದು ಗುಂಟೆಗೆ ನಮ್ಮಲ್ಲಿ ಕೊಡಲಿ ಎತ್ತಿದವರಿದ್ದಾರೆ, ಕೋರ್ಟು ಹತ್ತಿ ಚಪ್ಪಲಿ ಸವೆಸಿದವರಂತೂ ಲೆಕ್ಕವಿಲ್ಲ.

ಸುಳ್ಳು ಮೊಬೈಲಿನದಲ್ಲ, ದಾರಿಯದು. ಅಮೆರಿಕದ ಜಿಪಿಎಸ್‌ ಉಪಗ್ರಹಗಳು ಇಪ್ಪತ್ತು ಸಾವಿರ ಕಿಲೋಮೀಟರು ಮೇಲಿನಿಂದ ಸಂಕೇತ ಕಳಿಸುತ್ತವೆ. ಕಡಿಮೆಯೆಂದರೂ ನಾಲ್ಕು ಉಪಗ್ರಹಗಳ ಸಂಕೇತ ಬರಲು ಹಿಡಿದ ವೇಳೆಯಿಂದ ಮೊಬೈಲು ತನ್ನ ಜಾಗ ಎಣಿಸುತ್ತದೆ. ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಪಾಲು ತಪ್ಪಿದರೂ ಮೂರು ಮೀಟರು ತಪ್ಪಿತು. ಸಂಕೇತ ನೇರ ಬರದೆ ಗೋಡೆಗೋ ಗುಡ್ಡದ ಬಂಡೆಗೋ ಬಡಿದು ಸುತ್ತಿ ಬಂದರೆ, ಎದುರಿನ ಮನೆಗೆ ಓಣಿ ಸುತ್ತಿ ಬಂದವನು “ಭಾಳ ದೂರ ಐತ್ರೀ” ಅಂದಹಾಗೆ! ಹಸಿ ಎಲೆ ಸಂಕೇತವನ್ನು ಹೀರುತ್ತದೆ. ಬೈಲಹೊಂಗಲ ಕಡೆಯ ಆಳೆತ್ತರ ಮೀರಿದ ಕಬ್ಬಿನೊಳಗೆ, ಸುರೇಬಾನ ಹತ್ತಿರದ ಶಬರಿಕೊಳ್ಳದಲ್ಲಿ, ಮಲಪ್ರಭೆ ಗುಡ್ಡ ಸೀಳಿ ಹರಿಯುವ ನವಿಲುತೀರ್ಥದ ಇಕ್ಕಟ್ಟಿನಲ್ಲಿ ಕಾಣುವ ಆಕಾಶವೇ ತುಂಡು.

ಇದಕ್ಕೆ ಮದ್ದಿಲ್ಲವೇ? ಇದೆ, ಆದರೆ ಪೂರ್ತಿ ಗುಣ ಆಗುವ ಮದ್ದಲ್ಲ. 2000ನೇ ಇಸವಿ ಮೇವರೆಗೆ ಅಮೆರಿಕ ಬೇಕಂತಲೇ ಸಂಕೇತ ಕೆಡಿಸುತ್ತಿತ್ತು, ಆಗ ನೂರು ಮೀಟರು ತಪ್ಪು ಸಾಮಾನ್ಯ. ಈಗ ರಷ್ಯಾ, ಯುರೋಪ್‌, ಚೀನಾದ ಉಪಗ್ರಹಗಳೂ ಇವೆ. ಒಂದು ಗಿಡದ ಮರೆಯಾದರೆ ಇನ್ನೊಂದು ಸಿಗುತ್ತದೆ. ನಮ್ಮ ದೇಶದ ‘ನಾವಿಕ್‌’ ಉಪಗ್ರಹಗಳು ನಮ್ಮ ನೆತ್ತಿಯ ಕಡೆಗೇ ಹೆಚ್ಚು ನಿಲ್ಲುವುದರಿಂದ ಇಕ್ಕಟ್ಟಿನ ಓಣಿಗೆ ಅನುಕೂಲವೇ. ಮೊಬೈಲುಗಳಿಗೆ ಸುಲಭವಾಗಲೆಂದು 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್‌-01ರಲ್ಲಿ ಹೊಸ ಸಂಕೇತವನ್ನೂ ಸೇರಿಸಿದರು. ಆದರೆ ಹಳೆಯ ಕೆಲವು ಉಪಗ್ರಹಗಳ ಗಡಿಯಾರ ಕೈಕೊಟ್ಟವು. 2025ರ ಜನವರಿಯಲ್ಲಿ ಹಾರಿಸಿದ ಎನ್‌ವಿಎಸ್‌-02 ಹೋಗಬೇಕಾದ ಕಕ್ಷೆಗೆ ಹೋಗಲೇ ಇಲ್ಲ.

ಸರ್ವೆಯವರ ಕೈಗೆ ಬಂದಿರುವ ಕೋಲಿನ ಮೇಲಿನ ಯಂತ್ರ, ‘ರೋವರ್‌’, ಬೇರೆ ದರ್ಜೆಯದು. ಭಾರತೀಯ ಸರ್ವೇಕ್ಷಣಾ ಇಲಾಖೆ ಕಾಯಂ ಕೇಂದ್ರಗಳನ್ನು ನೆಟ್ಟಿದೆ. ತಮ್ಮ ಜಾಗ ಕರಾರುವಾಕ್ಕಾಗಿ ಗೊತ್ತಿರುವ ಈ ಕೇಂದ್ರಗಳು ಆಕಾಶದಿಂದ ಬಂದ ಲೆಕ್ಕದಲ್ಲಿ ಎಷ್ಟು ತಪ್ಪಿದೆ ಎಂದು ಕ್ಷಣಕ್ಷಣಕ್ಕೂ ಹೇಳುತ್ತವೆ. ಆ ತಿದ್ದುಪಡಿ ಇಂಟರ್ನೆಟ್‌ ಮೂಲಕ ರೋವರ್‌ಗೆ ಬಂದರೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ರೇಂಜು ಸಿಗದ ಕೊಳ್ಳದಲ್ಲಿ ಇದೂ ಕಷ್ಟ, ಆಗ ಇನ್ನೊಂದು ಯಂತ್ರವನ್ನು ಹತ್ತಿರ ನಿಲ್ಲಿಸಬೇಕು.

ಆದರೆ ಒಂದು ಮಾತು. ದೂರದ ಕೇಂದ್ರ ಆಕಾಶದ ತಪ್ಪು ತಿದ್ದೀತು, ನಿಮ್ಮ ಹುಣಸೀ ಗಿಡದ ತಪ್ಪು ಅದಕ್ಕೇನು ಗೊತ್ತು? ಗಿಡದ ಕೆಳಗೆ ಲಕ್ಷಾಂತರ ರೂಪಾಯಿಯ ರೋವರ್‌ ಕೂಡ ತಡವರಿಸುತ್ತದೆ. ಅದರ ಪರದೆಯ ಮೇಲೆ ‘ಫಿಕ್ಸ್‌’ ಎಂದಿದ್ದರೆ ಸರಿ. ‘ಫ್ಲೋಟ್‌’ ಎಂದಿದ್ದರೆ ಇನ್ನೂ ತೇಲಾಡುತ್ತಿದೆ ಎಂದರ್ಥ. ಇದನ್ನು ರೈತರೂ ಬಗ್ಗಿ ನೋಡಬಹುದು, ಯಾರೂ ಬೈಯುವುದಿಲ್ಲ.

ಉಪಾಯ ಹಳೆಯದೇ. ಬಯಲಲ್ಲಿ ಎರಡು ಕಡೆ ರೋವರ್‌ ನಿಲ್ಲಿಸಿ ಜಾಗ ಗುರುತಿಸಬೇಕು. ಆ ಎರಡರಿಂದಲೂ ಗಿಡದ ಬುಡದ ಕಲ್ಲಿಗೆ ಟೇಪು ಹಿಡಿದರೆ ಮೂಲೆ ಸಿಕ್ಕಿತು. ಅಜ್ಜನ ಕಾಲದ ಸರಪಳಿ ಇನ್ನೂ ಸತ್ತಿಲ್ಲ ನೋಡಿ!

ದಿಶಾಂಕ್‌ದಾಗ ಇನ್ನೊಂದು ತೊಡಕಿದೆ. ಚುಕ್ಕಿ ಸರಿಯಿದ್ದರೂ ಗೆರೆ ಸರಿಯಿರಬೇಕಲ್ಲ? ಹಿಂದೆ ಸರಪಳಿ ಹಿಡಿದು ಬರೆದ ಊರಿನ ನಕಾಶೆಯನ್ನು ಉಪಗ್ರಹದ ಚಿತ್ರದ ಮೇಲೆ ಕೂರಿಸಿದಾಗ ಗೆರೆಯೂ ಅಲ್ಲಲ್ಲಿ ಸರಿದಿರುತ್ತದೆ.

ಅಂಗಡಿಯವರಿಗೂ ಇದರ ಬಿಸಿ ಉಂಟು. ಮ್ಯಾಪಿನಲ್ಲಿ ಅಂಗಡಿ ಗುರುತಿಸುವವರು ಗಲ್ಲೆಯ ಮುಂದೆ, ಸ್ಲ್ಯಾಬಿನ ಕೆಳಗೆ ಕೂತು ಒತ್ತುತ್ತಾರೆ. ಚುಕ್ಕಿ ಹಿಂದಿನ ಓಣಿಗೆ ಬೀಳುತ್ತದೆ, ಪಾರ್ಸೆಲ್‌ ಹುಡುಗ ಅಲ್ಲಿ ಸುತ್ತುತ್ತಾನೆ. ರಸ್ತೆಗೆ ಬಂದು, ಒಂದೆರಡು ನಿಮಿಷ ತಡೆದು, ಚುಕ್ಕಿ ನಿಂತ ಮೇಲೆ ಒತ್ತಿ. ಆಮೇಲೂ ಸರಿ ಬೀಳದಿದ್ದರೆ ಬೆರಳಿನಿಂದಲೇ ಸರಿಸಿ.

ಹೊಲದವರು ಮಾತ್ರ ಬೆರಳಿನಿಂದ ಸರಿಸುವಂತಿಲ್ಲ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಬೇಕು. ಅಕ್ಕಪಕ್ಕದವರಿಗೆ ನೋಟೀಸು ಹೋಗುತ್ತದೆ, ಅಳತೆಯ ದಿನ ಇಬ್ಬರೂ ಹಾಜರಿರುವುದು ಒಳ್ಳೆಯದು. ಮೂಲೆಯ ಕಲ್ಲು ಗಿಡದ ಕೆಳಗೋ ಕಬ್ಬಿನೊಳಗೋ ಇದ್ದರೆ, ಬಯಲಿನ ಯಾವ ಎರಡು ಜಾಗದಿಂದ ಅದನ್ನು ಅಳೆದರು, ಎಷ್ಟು ಅಡಿ ಬಂತು ಎಂಬುದು ನಕ್ಷೆಯಲ್ಲಿ ಬರೆದಿದೆಯೇ ಎಂದು ಕೇಳಿಕೊಂಡೇ ಪಂಚನಾಮೆಗೆ ಸಹಿ ಹಾಕಿ.